ಕೂಗು ನಿಂತ ಮೇಲೆ ಒಂದು ಚಮಚ

ಶಾಲೆಯ ಗೇಟಿಗೆ ಕಟ್ಟಿದ್ದ ಫ್ಲೆಕ್ಸ್ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಆಳೆತ್ತರದ ಫೋಟೊ, ಸುತ್ತಲೂ ಪ್ರಿಂಟು ಮಾಡಿದ ಹೂವು, ಕೆಳಗೆ ‘ನಮ್ಮ ಸಂಸ್ಥೆಯ ಹೆಮ್ಮೆ, ಮಕ್ಕಳ ಅಚ್ಚುಮೆಚ್ಚಿನ ಶಿಕ್ಷಕಿಗೆ ಭಾವಪೂರ್ಣ ಶ್ರದ್ಧಾಂಜಲಿ’. ಅದಕ್ಕೂ ಕೆಳಗೆ, ತೀರಿಕೊಂಡವರ ಹೆಸರಿಗಿಂತ ದಪ್ಪ ಅಕ್ಷರದಲ್ಲಿ, ಶಾಲೆಯ ಸೆಕ್ರೆಟರಿಯ ಹೆಸರು. ಯಾವ ಗೇಟಿನಿಂದ ಆ ಶಿಕ್ಷಕಿಯನ್ನು ಆಚೆಗೆ ಕಳಿಸಿದ್ದರೋ ಅದೇ ಗೇಟಿಗೆ ಅವರ ಫೋಟೊ ಕಟ್ಟಿದ್ದಾರೆ. ಸೆಕೆಂಡ್ ಶಿಫ್ಟಿಗೆಂದು ಪೀಣ್ಯಕ್ಕೆ ಹೊರಟಿದ್ದವನು ಗಾಡಿ ನಿಲ್ಲಿಸಿ, ಹೆಲ್ಮೆಟ್ಟೂ ತೆಗೆಯದೆ ಹಾಗೇ ನಿಂತೆ. ಮಾನ ಮರ್ಯಾದೆ ಅನ್ನುವುದನ್ನು ಈ ಜನ ಯಾವ ಸಂತೆಯಲ್ಲಿ ಮಾರಿಕೊಂಡು ಬಂದಿರುತ್ತಾರೋ ಗೊತ್ತಿಲ್ಲ.

ಫೋಟೊ ಕೂಡ ಸುಳ್ಳು. ಕಂಪ್ಯೂಟರಿನಲ್ಲಿ ಏನೇನೋ ಮಾಡಿ ಮುಖ ಬೆಳ್ಳಗಾಗಿಸಿದ್ದರು. ಹುಬ್ಬುಗಳ ನಡುವಿನ ಗಂಟನ್ನು ಅಳಿಸಿಹಾಕಿದ್ದರು. ಆ ಗಂಟಿಲ್ಲದೆ ನಾನು ಅವರನ್ನು ಕಂಡದ್ದೇ ಇಲ್ಲ. ನಾವೆಲ್ಲ ಅವರನ್ನು ಮಿಸ್ ಅಂತಲೇ ಕರೆಯುತ್ತಿದ್ದೆವು, ಎಪ್ಪತ್ತು ದಾಟಿದ ನನ್ನ ಅವ್ವ ಕೂಡ. ಇಲ್ಲೂ ಹಾಗೇ ಕರೆಯುತ್ತೇನೆ. ಹೆಸರು ಬರೆದು ಆ ಫ್ಲೆಕ್ಸಿಗೆ ಇನ್ನಷ್ಟು ಪ್ರಚಾರ ಕೊಡುವುದು ನನಗೆ ಬೇಕಿಲ್ಲ.

ಮಿಸ್ ಗದಗದ ಕಡೆಯವರು. ಹಣೆಗೆ ವಿಭೂತಿ, ಕೈಗೆ ಗಂಡಸರ ದೊಡ್ಡ ವಾಚು, ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ. ಗಣಿತದಲ್ಲಿ ಎಂಎಸ್‌ಸಿ ಮಾಡಿ ಊರಿನ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದವರು, ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾಗಸಂದ್ರದ ಒಂದು ಅಪಾರ್ಟ್‌ಮೆಂಟಿಗೆ ಬಂದು ಸೇರಿದ್ದರು. ಇಷ್ಟು ಓದಿದವರು ಎಲ್‌ಕೆಜಿ ಮಕ್ಕಳ ಮೂಗು ಒರೆಸುವುದಕ್ಕೆ ಯಾಕೆ ಬಂದಿರಿ ಎಂದು ಒಮ್ಮೆ ಕೇಳಿದ್ದೆ. ಅದಕ್ಕೆ ಅವರು ಕೊಟ್ಟ ಉತ್ತರ ಇದು:

“ಹತ್ತನೇ ಕ್ಲಾಸಿನ ಹುಡುಗ್ರ ಗಣಿತ ಎಲ್ಲಿ ಕೆಟ್ಟೈತಿ ಅಂತ ಹುಡುಕ್ಕೋತ ಹುಡುಕ್ಕೋತ ಇಲ್ಲಿಗೆ ಬಂದು ನಿಂತೇನ್ರಿ. ಇನ್ನೂ ಒಂದ್ ಮೆಟ್ಲ ಕೆಳಗೈತಿ. ಅದು ನಿಮ್ಮ ಮನಿ.”

ಅವರ ಪರಿಚಯ ಆದದ್ದೇ ಜಗಳದಿಂದ. ನಮ್ಮದು ಈ ಊರಿನ ಹಳೇ ಮನೆತನ. ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಯಾರದೋ ಗೋಡೌನಿದೆ, ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಸೆಕ್ಷನ್ನಿನ ಸೂಪರ್‌ವೈಸರ್. ಹೆಂಡತಿಗೆ ವೈಟ್‌ಫೀಲ್ಡಿನಲ್ಲಿ ಕೆಲಸ. ಆ ತುದಿಯಿಂದ ಈ ತುದಿ, ಅವಳು ಬೆಳಿಗ್ಗೆ ಎದ್ದವಳೇ ಮೆಟ್ರೊ ಹಿಡಿಯಬೇಕು. ಹಾಗಾಗಿ ಬೆಳಗಿನ ಅಡುಗೆ ನನ್ನದು, ಮಗಳು ಸಿಂಚನಾಳಿಗೆ ಜಡೆ ಹಾಕುವುದೂ ನನ್ನದು. ಅವಳು ಎಲ್‌ಕೆಜಿಗೆ ಸೇರಿ ಸ್ವಲ್ಪ ದಿನಕ್ಕೇ ಒನ್ನಿಂದ ಹಂಡ್ರೆಡ್‌ವರೆಗೆ ಉಸಿರು ಬಿಡದೆ ಹೇಳುವುದನ್ನು ಕಲಿತಿದ್ದಳು. ನಾನು ಅದನ್ನು ಮೊಬೈಲಿನಲ್ಲಿ ಹಿಡಿದು ನೆಂಟರಿಷ್ಟರಿಗೆಲ್ಲ ಕಳಿಸಿದ್ದೆ. ಪೇರೆಂಟ್ಸ್ ಮೀಟಿಂಗಿಗೆ ಹೋದಾಗಲೂ ಹೊಗಳಿಸಿಕೊಳ್ಳುವ ಆಸೆಯಿಂದ, ಮಿಸ್‌ಗೆ ಒಂದ್ಸಲ ಹೇಳಿ ತೋರಿಸು ಮಗಳೇ ಅಂದೆ.

ಸಿಂಚನಾ ಗಿಳಿಯಂತೆ ಒಪ್ಪಿಸಿದಳು. ಮಿಸ್ ಕೇಳಿಸಿಕೊಂಡರು. ಆಮೇಲೆ ಡಬ್ಬಿಯಿಂದ ಒಂದು ಬೊಗಸೆ ಬಾಟಲಿ ಮುಚ್ಚಳ ಮೇಜಿನ ಮೇಲೆ ಸುರಿದು, ನನಗೆ ಐದು ಕೊಡವ್ವಾ ಅಂದರು. ನನ್ನ ಮಗಳು ಕೈಗೆ ಸಿಕ್ಕಷ್ಟು ಬಾಚಿ ಕೊಟ್ಟು ಹಲ್ಲು ಕಿರಿದಳು. ಮೂರು ಕೊಡು ಅಂದರೂ ಅಷ್ಟೇ, ಇನ್ನೊಂದು ಹಿಡಿ. ನನಗೆ ರೇಗಿಹೋಯಿತು. ನೂರರವರೆಗೆ ಬರುವ ಮಗೂಗೆ ಮುಚ್ಚಳದ ಆಟ ಆಡಿಸಿ ಅವಮಾನ ಮಾಡ್ತೀರಾ, ಕಲಿಸೋದಕ್ಕೆ ನೀವಿಲ್ವಾ, ನಾವ್ಯಾಕೆ ಫೀಸು ಕಟ್ಟೋದು ಎಂದು ಜೋರಾಗಿಯೇ ಕೇಳಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಂಗಾತು ನಿಮ್ಮ ಹಂಡ್ರೆಡ್ಡು ಅಂದರು ಮಿಸ್. ನನ್ನ ದನಿಗಿಂತ ಅವರ ದನಿ ಒಂದು ಕೈ ಮೇಲೇ ಇತ್ತು. ಪಕ್ಕದ ಕ್ಲಾಸಿನವರು ಇಣುಕಿ ನೋಡಿದರು.

ಆಮೇಲೆ ಅವರು ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆಂದು ಕೇಳಿದರು. ನಾನೇ ಅಂದೆ, ನಗುವುದಾದರೆ ನಗಲಿ ಎಂದುಕೊಂಡು. ಅವರು ನಗಲಿಲ್ಲ. ಕನ್ನಡಕ ತೆಗೆದು ನನ್ನನ್ನು ಸರಿಯಾಗಿ ನೋಡಿದರು.

“ಹಂಗಾದ್ರ ಈಕಿ ಟೀಚರ್ ನೀವ. ನಾಳಿಂದ ಕುಕ್ಕರಿನ ಕೂಗು ಎಣಸೂ ಕೆಲಸ ಈಕಿಗೆ ಕೊಡ್ರಿ. ಎಣಿಕಿ ಬರೇ ಬಾಯಾಗ ಇದ್ರ ಆಗೂದಿಲ್ಲ, ಕೈಯಾಗ ಇಳೀಬೇಕು.”

ಇದೇ ಅವರ ಪದ್ಧತಿ. ಹೋಮ್‌ವರ್ಕು ಮಕ್ಕಳಿಗಲ್ಲ, ಅಪ್ಪ ಅಮ್ಮಂದಿರಿಗೆ. ಸಂಜೆ ಗೇಟಿನ ಹತ್ತಿರ ಸೊಂಟದ ಮೇಲೆ ಕೈಯಿಟ್ಟು ನಿಂತು ಒಬ್ಬೊಬ್ಬರನ್ನೇ ವಿಚಾರಿಸಿಕೊಳ್ಳುತ್ತಿದ್ದರು. ನಿನ್ನೆ ತಟ್ಟೆ ಹಾಕುವಾಗ ಮಗೂನ ಕೇಳಿದಿರಾ? ಒಗೆದ ಕಾಲುಚೀಲ ಜೋಡಿ ಮಾಡಿಸಿದಿರಾ? ಲಿಫ್ಟಿನಲ್ಲಿ ಗುಂಡಿ ಒತ್ತಲು ಬಿಟ್ಟಿರಾ, ಇಲ್ಲ ನೀವೇ ಒತ್ತಿದಿರಾ? ಟೈ ಕಟ್ಟಿದ ದೊಡ್ಡ ದೊಡ್ಡ ಮ್ಯಾನೇಜರುಗಳು ಅವರ ಮುಂದೆ ತಲೆ ಕೆರೆದುಕೊಂಡು, ಇವತ್ತು ಮೀಟಿಂಗ್ ಇತ್ತು ಮೇಡಂ, ನಾಳೆ ಮಾಡಿಸ್ತೀನಿ ಅನ್ನುತ್ತಿದ್ದರು. ಮಗುವಿನ ಜೊತೆ ಕೂತು ತಟ್ಟೆ ಎಣಿಸಲಿಕ್ಕೆ ಎಂಥಾ ಪುರುಸೊತ್ತು ಬೇಕ್ರೀ, ನೀವು ಊಟಾ ಬಿಟ್ಟೀರೇನು ಎಂದು ಮಿಸ್ ಬೈಯುತ್ತಿದ್ದರು.

ನಾನೂ ಹಟಕ್ಕೆ ಬಿದ್ದು ಶುರು ಮಾಡಿದೆ. ಒಲೆಯಿಂದ ದೂರ, ಅಡುಗೆಮನೆ ಬಾಗಿಲಲ್ಲಿ ಸಿಂಚನಾಳನ್ನು ಮಣೆಯ ಮೇಲೆ ಕೂರಿಸಿ, ಕುಕ್ಕರ್ ಮೂರು ಸಲ ಕೂಗಿದ ಮೇಲೆ ನನಗೆ ಹೇಳು ಅಂದೆ. ಮೊದಲನೇ ದಿನ ಒಂದು ಕೂಗು ಶುರುವಾಗಿ ನಿಲ್ಲುವುದರೊಳಗೆ ಒನ್ ಟು ತ್ರೀ ಫೋರ್ ಫೈವ್ ಎಂದು ಮುಗಿಸಿ ಕೂತಳು. ನಾನು ಸ್ಟವ್ ಆರಿಸಿಬಿಟ್ಟೆ. ಅನ್ನ ಅಕ್ಕಿಯಂತೆಯೇ ಇತ್ತು. ಮಾರನೇ ದಿನ ಕೂಗಿನ ಮಧ್ಯೆ ಬೆಕ್ಕು ಬಂತು, ಎಣಿಕೆ ಮರೆತುಹೋಯಿತು, ಅನ್ನ ಮುದ್ದೆಯಾಯಿತು. ಅವ್ವ ತಟ್ಟೆ ಮುಂದೆ ಕೂತು ನನ್ನನ್ನೇ ಬೈದಳು. “ಏನ್ಲಾ ಇದು, ಒಂದಿನ ಅಂಗೆ, ಒಂದಿನ ಇಂಗೆ? ಐದು ವರ್ಸ ತುಂಬದ ಮಗೀನ ಕೈಗೆ ಅಡುಗೆ ಕೊಟ್ಟಿದ್ದೀಯಲ್ಲ, ನಿನ್ಗೇನ್ ಬಂದೈತೆ?”

ಗೇಟಿನ ಹತ್ತಿರ ಇದನ್ನು ಹೇಳಿ ರೇಗಿದೆ. ಮಿಸ್ ಸಮಾಧಾನ ಹೇಳುವ ಪೈಕಿಯವರಲ್ಲ. ನಾಳೆ ಬೆಳಿಗ್ಗೆ ಬರುತ್ತೇನೆ ಅಂದರು, ಬಂದೇ ಬಂದರು. ಮಗಳ ಪಕ್ಕ ನೆಲದ ಮೇಲೆ ಕೂತು, ಚಮಚಗಳ ಒಂದು ಕಟ್ಟು ತೆಗೆದುಕೊಂಡರು. ಕುಕ್ಕರ್ ಕೂಗತೊಡಗಿತು. ಸಿಂಚನಾ ಬಾಯಿ ತೆರೆದಳು. ಮಿಸ್ ಅವಳ ಮುಂಗೈ ಹಿಡಿದುಕೊಂಡರು.

“ಈಗ ಬ್ಯಾಡ. ಅದು ಕೂಗಲಿ. ನಿಂತ ಮ್ಯಾಲ ಒಂದ್ ಚಮಚ ಇಡು.”

ಕೂಗು ನಿಂತಿತು. ಒಂದು ಚಮಚ ಇಟ್ಟಳು. ಮತ್ತೆ ಕೂಗಿ ನಿಂತಿತು, ಇನ್ನೊಂದು. ಮೂರನೆಯದನ್ನು ಇಟ್ಟವಳು ಚಮಚಗಳನ್ನು ಮುಟ್ಟಿ ನೋಡಿ, ಅಪ್ಪಾ ಆಫ್ ಮಾಡು ಅಂದಳು. ಒನ್ ಟು ಅನ್ನಲೇ ಇಲ್ಲ. ಆ ದಿನದ ಅನ್ನವನ್ನು ಅವ್ವ ಎರಡನೇ ಸಲ ಹಾಕಿಸಿಕೊಂಡಳು. ಮಿಸ್ ಮಾತ್ರ ಊಟಕ್ಕೆ ನಿಲ್ಲದೆ, ಬಸ್ಸು ತಪ್ಪುತ್ತದೆ ಎಂದು ದಡದಡ ಹೊರಟುಹೋದರು.

ಅಲ್ಲಿಂದ ನಮ್ಮ ಮನೆ ಬದಲಾಯಿತು ಅಂದರೆ ದೊಡ್ಡ ಮಾತಾಗುತ್ತದೆ. ಮಾಡುತ್ತಿದ್ದ ಕೆಲಸಗಳೇ, ಮಗಳು ಜೊತೆಗೆ ಬಂದಳು ಅಷ್ಟೇ. ತಟ್ಟೆ ಇಡುವುದು ಅವಳ ಕೆಲಸವಾಯಿತು. ಸೋಮವಾರ ಅವ್ವನಿಗೆ ಒಪ್ಪೊತ್ತು, ಬೆಳಿಗ್ಗೆ ಉಣ್ಣುವುದಿಲ್ಲ. ಒಂದು ಸೋಮವಾರ ಸಿಂಚನಾ ಯಾರೂ ಹೇಳದೆ ಒಂದು ತಟ್ಟೆ ವಾಪಸು ಒಯ್ದು ಸ್ಟ್ಯಾಂಡಿನಲ್ಲಿಟ್ಟು ಬಂದಳು. ಇದನ್ನು ಕೇಳಿ ಮಿಸ್, ಕಳೆಯೋದು ಕಲಿತಳ್ರೀ ಅಂದರು, ಗಂಟು ಮುಖದಲ್ಲೇ. ಅವರೆಕಾಯಿ ಕಾಲ ಬಂದಾಗ ಅವ್ವ ತಾನೇ ಒಂದು ಆಟ ಹುಡುಕಿದಳು. ಸಿಪ್ಪೆ ಬಿಡಿಸುವ ಮೊದಲು ಒಳಗೆ ಎಷ್ಟು ಕಾಳಿವೆ ಎಂದು ಹೊರಗಿನಿಂದ ಸವರಿ ಹೇಳಬೇಕು, ಆಮೇಲೆ ಬಿಡಿಸಿ ನೋಡಬೇಕು. ಒಂದು ಭಾನುವಾರ ಮಿಸ್ಸೂ ಬಂದು ಆಟಕ್ಕೆ ಕೂತರು. ಗದಗದವರಿಗೆ ನಮ್ಮ ಅವರೆಕಾಯಿ ಅಂದಾಜು ಸಿಗಬೇಕಲ್ಲ, ಸಾಲಾಗಿ ಸೋತರು. ಎಂಎಸ್‌ಸಿ ಓದವ್ರೆ ಅಂದ್ಯಲ್ಲ ಮಗ ಎಂದು ಅವ್ವ ಅವರೆದುರೇ ಹೇಳಿ ನಕ್ಕಳು. ಮಿಸ್‌ಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಇನ್ನೊಂದು ಆಟ ಆಡೋಣು ಅಂದರು.

ಎಲ್ಲ ಮನೆಯವರೂ ನಮ್ಮಂತೆ ಇರಲಿಲ್ಲ. ಪೇರೆಂಟ್ಸ್ ವಾಟ್ಸಾಪ್ ಗ್ರೂಪಿನಲ್ಲಿ ದೂರು ಶುರುವಾಯಿತು. ಈ ಟೀಚರ್ ಬರೆಯಲು ಕೊಡುವುದಿಲ್ಲ, ಪುಸ್ತಕ ಖಾಲಿ ಇದೆ, ಮಕ್ಕಳಿಗೆ ಅಡುಗೆ ಕಲಿಸುತ್ತಾರೆ, ಒಲೆ ಹತ್ತಿರ ಕೂರಿಸಲು ಹೇಳುತ್ತಾರೆ. ಒಲೆ ಹತ್ತಿರ ಅಂತ ಅವರು ಒಂದು ದಿನವೂ ಹೇಳಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಮಗುವಿನ ಜೊತೆ ಹತ್ತು ನಿಮಿಷ ಕೂರಲು ಮೈ ಬಗ್ಗದವರಿಗೆ ಗಂಟೆಗಟ್ಟಲೆ ದೂರು ಟೈಪ್ ಮಾಡಲು ಬೆರಳು ಹೇಗೆ ಆಡುತ್ತದೋ. ನಾನು ಎದುರುತ್ತರ ಬರೆದೆ, ಗ್ರೂಪಿನಿಂದ ತೆಗೆದುಹಾಕಿದರು.

ಸೆಕ್ರೆಟರಿಗೆ ಬೇಕಾದದ್ದೂ ಇದೇ. ಅವರಿಗೆ ವಾರ್ಷಿಕೋತ್ಸವದ ಸ್ಟೇಜಿನ ಮೇಲೆ ಮಕ್ಕಳೆಲ್ಲ ಒಟ್ಟಿಗೆ ಒನ್ ಟು ಹಂಡ್ರೆಡ್ ಕಿರುಚಬೇಕು, ಕೆಳಗೆ ಅಪ್ಪ ಅಮ್ಮಂದಿರು ಮೊಬೈಲ್ ಎತ್ತಿ ಹಿಡಿಯಬೇಕು, ಮುಂದಿನ ವರ್ಷದ ಅಡ್ಮಿಷನ್ ತುಂಬಬೇಕು. ಮಿಸ್‌ರನ್ನು ಕರೆದು ಮನೆಪಾಠದ ಈ ಹುಚ್ಚು ನಿಲ್ಲಿಸಿ ಅಂದಿದ್ದರಂತೆ. ಇವರು ನಿಲ್ಲಿಸಲಿಲ್ಲ.

ವರ್ಷದ ಕೊನೆಯಲ್ಲಿ ಯುಕೆಜಿಗೆ ಕಳಿಸುವ ಮೊದಲು ಸೆಕ್ರೆಟರಿಯೇ ಕೂತು ಒಂದೊಂದು ಮಗುವನ್ನೂ ಪರೀಕ್ಷೆ ಮಾಡುತ್ತಿದ್ದರು. ನಾನು ಮತ್ತು ನನ್ನ ಹೆಂಡತಿ ಹಿಂದಿನ ಕುರ್ಚಿಯಲ್ಲಿ. ಮಿಸ್ ಕಿಟಕಿಯ ಹತ್ತಿರ ಕೈಕಟ್ಟಿ ನಿಂತಿದ್ದರು. ಒನ್ ಟು ಹಂಡ್ರೆಡ್ ಹೇಳು ಪುಟ್ಟಾ ಅಂದರು ಸೆಕ್ರೆಟರಿ. ಸಿಂಚನಾ ಅವರ ಮುಖ ನೋಡಿದಳು, ಮೇಜು ನೋಡಿದಳು.

“ಏನನ್ನ ಎಣಿಸ್ಲಿ?”

ಸೆಕ್ರೆಟರಿ ಇನ್ನೊಮ್ಮೆ ಹೇಳಿದರು, ಒನ್ ಟು ಹಂಡ್ರೆಡ್. ನನ್ನ ಮಗಳು ಮೇಜಿನ ಮೇಲಿದ್ದ ಪೆನ್ನುಗಳನ್ನು ಒಂದೊಂದಾಗಿ ಮುಟ್ಟಿ, ಪೆನ್ನು ಮೂರೇ ಇದೆ ಅಂಕಲ್, ಹಂಡ್ರೆಡ್ ಇಲ್ಲ ಅಂದಳು. ನನಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಸೆಕ್ರೆಟರಿ ಹಾಳೆಯ ಮೇಲೆ ಏನೋ ಗೀಚಿ ನಮ್ಮ ಕಡೆ ತಿರುಗಿ, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ, ಮಗು ಸ್ವಲ್ಪ ಸ್ಲೋ ಇದೆ ಸಾರ್ ಅಂದರು. ಇದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸೋಣ, ಒಳ್ಳೇ ಡಾಕ್ಟರಿಗೂ ಒಮ್ಮೆ ತೋರಿಸಿ ಅಂದರು. ನನ್ನ ಹೆಂಡತಿಯ ಕಣ್ಣು ತುಂಬಿಬಂತು. ಸಿಂಚನಾ ಮೂರು ಪೆನ್ನನ್ನೂ ಸಾಲಾಗಿ ಜೋಡಿಸುತ್ತಿದ್ದಳು.

ಮಿಸ್ ನಕ್ಕದ್ದನ್ನು ನಾನು ನೋಡಿದ್ದು ಆವತ್ತೊಂದೇ ಸಲ. ಸಂತೋಷದ ನಗುವಲ್ಲ ಅದು. ಕಿಟಕಿ ಬಿಟ್ಟು ಮೇಜಿನ ಹತ್ತಿರ ಬಂದು, ಕಲಿತ ಮಗು ಕೇಳೂ ಪ್ರಶ್ನೆನ ಈಕಿ ಕೇಳ್ಯಾಳ್ರೀ ಸರ, ಉತ್ತರ ಇದ್ರ ಕೊಡ್ರಿ, ಇಲ್ಲಂದ್ರ ಆ ಹಾಳಿ ಹರೀರಿ ಅಂದರು. ಸೆಕ್ರೆಟರಿ, ಪೇರೆಂಟ್ಸ್ ಎದುರಿಗೆ ಹೀಗೆ ಮಾತಾಡಿದರೆ ನಾಳೆಯಿಂದ ಬರುವುದು ಬೇಡ ಅಂದರು. ಮಿಸ್ ನಾಳೆಯವರೆಗೂ ಕಾಯಲಿಲ್ಲ. ಮುಚ್ಚಳದ ಡಬ್ಬಿ ಬಗಲಿಗೆ ಸಿಕ್ಕಿಸಿಕೊಂಡು, ಚಪ್ಪಲಿ ಮೆಟ್ಟಿ, ಗೇಟು ದಾಟಿ ನಡೆದುಬಿಟ್ಟರು. ನಾವೂ ಹಿಂದೆಯೇ ಮಗಳನ್ನೆತ್ತಿಕೊಂಡು ಬಂದೆವು.

ಆ ಬೇಸಿಗೆ ನಮ್ಮ ಮನೆಯಲ್ಲಿ ಹೇಗಿತ್ತು ಅನ್ನುವುದು ಆ ಮನುಷ್ಯನಿಗೆ ಗೊತ್ತಾಗಬೇಕು. ‘ಸ್ಲೋ’ ಅನ್ನುವ ಒಂದು ಮಾತು ಬಿಸಾಕಿ ಅವರು ಎಸಿ ರೂಮಿನಲ್ಲಿ ಕೂತರು. ಇಲ್ಲಿ ನನ್ನ ಹೆಂಡತಿ ಮಗಳು ನಿಧಾನಕ್ಕೆ ತಿಂದರೂ ಹೆದರುತ್ತಿದ್ದಳು, ಶೂ ಉಲ್ಟಾ ಹಾಕಿಕೊಂಡರೂ ಹೆದರುತ್ತಿದ್ದಳು. ಅವ್ವ ದೇವರಿಗೆ ಹರಕೆ ಕಟ್ಟಿದಳು. ಕೆಲಸವಿಲ್ಲದ ಮಿಸ್ ಪ್ರತಿ ಭಾನುವಾರ ಬಂದು, ಮಗಳನ್ನಲ್ಲ, ನನ್ನ ಹೆಂಡತಿಯನ್ನು ಕೂರಿಸಿಕೊಂಡು ಮಾತಾಡುತ್ತಿದ್ದರು. ಈಕಿಗೆ ಏನೂ ಆಗಿಲ್ಲ, ನಿಮ್ಮ ಕಣ್ಣಿಂದ ನೀವ ನೋಡ್ರಿ ಎಂದು ಅವಳ ಕೈಯಲ್ಲೇ ಆಟ ಆಡಿಸಿ ತೋರಿಸುತ್ತಿದ್ದರು. ಬೇರೆ ಶಾಲೆಯವರು ಸಿಂಚನಾಳನ್ನು ಯುಕೆಜಿಗೆ ಮರುಮಾತಿಲ್ಲದೆ ತೆಗೆದುಕೊಂಡರು. ಈಗ ಮೂರನೇ ಕ್ಲಾಸು. ಲೆಕ್ಕದಲ್ಲಿ ಅವಳೇನು ಮಹಾ ಮೇಧಾವಿಯಲ್ಲ, ಆದರೆ ಲೆಕ್ಕಕ್ಕೆ ಹೆದರುವುದಿಲ್ಲ. ನನಗೆ ಅಷ್ಟು ಸಾಕು.

ಮಿಸ್‌ಗೆ ಮತ್ತೆ ಯಾವ ಶಾಲೆಯೂ ಕೆಲಸ ಕೊಡಲಿಲ್ಲ. ಗೇಟಿನಲ್ಲಿ ಪೇರೆಂಟ್ಸ್‌ನ ಬೈಯುವ ಟೀಚರ್ ಯಾರಿಗೆ ಬೇಕು? ಹೊಟ್ಟೆಯಲ್ಲಿ ಏನೋ ಕಾಯಿಲೆಯಿತ್ತಂತೆ, ಅದು ಹೆಚ್ಚಾದದ್ದನ್ನು ನಮಗೆ ಹೇಳಲೂ ಇಲ್ಲ. ಹೋಗಿಬಿಟ್ಟರು.

ಆ ಫ್ಲೆಕ್ಸ್ ಕಂಡ ಸಂಜೆಯೇ ಶಾಲೆಯಿಂದ ಫೋನು ಬಂತು. ಶನಿವಾರ ಶ್ರದ್ಧಾಂಜಲಿ ಸಭೆ, ಹಳೇ ಪೇರೆಂಟ್ ಆಗಿ ಒಂದೆರಡು ಮಾತಾಡಿ ಸಾರ್ ಅಂದರು. ಯಾವ ಪೇರೆಂಟ್ ಅಂತ ಅವರಿಗೇ ನೆನಪಿರಲಿಲ್ಲ, ಹಳೇ ನಂಬರುಗಳಿಗೆಲ್ಲ ಮಾಡುತ್ತಿದ್ದರು. ಬರ್ತೀನಿ ಅಂದೆ.

ಸಿಂಚನಾಳನ್ನೂ ಕರೆದುಕೊಂಡು ಹೋದೆ. ಸಭೆಯಲ್ಲಿ ಸೆಕ್ರೆಟರಿ ದೀಪ ಹಚ್ಚಿದರು, ಕರ್ಚೀಫಿನಿಂದ ಕಣ್ಣೊತ್ತಿಕೊಂಡರು. ಆಮೇಲೆ, ದೇವರೇ, ಎಲ್‌ಕೆಜಿ ಮಕ್ಕಳನ್ನು ಫೋಟೊದ ಮುಂದೆ ಸಾಲಾಗಿ ನಿಲ್ಲಿಸಿ, ಮೇಡಂಗೆ ಗಣಿತ ನಮನ ಅಂತ ಒನ್ನಿಂದ ಹಂಡ್ರೆಡ್‌ವರೆಗೆ ಹೇಳಿಸಿದರು. ಜನ ಮೊಬೈಲ್ ಎತ್ತಿ ಹಿಡಿದರು. ನನ್ನ ಹೆಸರು ಕರೆದಾಗ ಹೋಗಿ ಮೈಕು ಹಿಡಿದೆ.

“ಇವರನ್ನ ಈ ಶಾಲೆಯವರೇ ಆ ಗೇಟಿಂದ ಆಚೆ ಕಳಿಸಿದ್ದು. ನನ್ನ ಮಗಳಿಗೆ ಎಣಿಸೋದು ಕಲಿಸಿದ್ದಕ್ಕೆ.”

ಮೈಕು ನಿಂತುಹೋಯಿತು. ಲೇತ್ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಗಂಟಲು ನನ್ನದು, ಮೈಕಿನ ಹಂಗಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಮುಚ್ಚಳ, ಪೆನ್ನು, ಹಾಳೆ, ಎಲ್ಲ. ಸೆಕ್ರೆಟರಿ ಎದ್ದು ಬಂದು ತೋಳು ಹಿಡಿದರು, ಕೊಡವಿಕೊಂಡೆ. ಇವರಿಗೆ ಹೂವು ಹಾಕೋದು ಬೇಡ ಕಣ್ರೀ ಅಂದೆ ಅಲ್ಲಿ ಕೂತಿದ್ದ ಅಪ್ಪ ಅಮ್ಮಂದಿರಿಗೆ. ಮನೆಗೆ ಹೋಗಿ ಕುಕ್ಕರ್ ಇಡಿ, ಮಗೂನ ಸ್ವಲ್ಪ ದೂರದಲ್ಲಿ ಕೂರಿಸ್ಕೊಳಿ, ಒಂದು ಕೂಗಿಗೆ ಒಂದು ಚಮಚ ಇಡಿಸಿ. ಅಷ್ಟು ಮಾಡೋಕಾಗದಿದ್ರೆ ಆ ಫೋಟೊಗೆ ಕೈ ಮುಗೀಬೇಡಿ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಚ್ಚಿನವರು ಮೊಬೈಲ್ ಕೆಳಗಿಳಿಸಿ ಕಾಲಬುಡ ನೋಡುತ್ತಿದ್ದರು. ಸ್ಟೇಜು ಇಳಿದು, ಮಗಳ ಕೈ ಹಿಡಿದು ಹೊರಗೆ ಬಂದೆ.

ಗೇಟಿನ ಹತ್ತಿರ ಗಾಡಿ ತೆಗೆಯುವಾಗ ಗಾರ್ಮೆಂಟ್ಸ್ ಕಂಪನಿಯ ಐಡಿ ಕಾರ್ಡು ಕೊರಳಲ್ಲಿ ಹಾಕಿಕೊಂಡ ಒಬ್ಬ ತಾಯಿ ಹಿಂದಿನಿಂದ ಬಂದಳು. ಈಗಷ್ಟೇ ಸ್ಟೇಜಿನ ಮೇಲೆ ನೂರು ಹೇಳಿ ಬಂದ ಪುಟ್ಟ ಹುಡುಗಿ ಅವಳ ಸೊಂಟದ ಮೇಲಿದ್ದಳು. ಅವಳು ಹಿಂದೆ ಮುಂದೆ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು.

“ಸಾರ್, ಆ ಚಮಚ ಯಾವಾಗ ಇಡಿಸ್ಬೇಕು? ಕೂಗ್ತಾ ಇದ್ದಂಗೇನಾ?”

ನಾನು ಬಾಯಿ ತೆರೆಯುವುದರೊಳಗೆ ಸಿಂಚನಾ ಹೇಳಿದಳು. ನಾಗಸಂದ್ರದಲ್ಲೇ ಹುಟ್ಟಿ ಬೆಳೆದ ಹುಡುಗಿ, ಗದಗ ಎಲ್ಲಿದೆಯೆಂದೂ ಗೊತ್ತಿಲ್ಲ. ಹುಬ್ಬು ಗಂಟಿಕ್ಕಿ, ಸೊಂಟದ ಮೇಲೆ ಕೈಯಿಟ್ಟು ಹೇಳಿದಳು.

“ಈಗ ಬ್ಯಾಡ್ರಿ. ಅದು ಕೂಗಲಿ. ನಿಂತ ಮ್ಯಾಲ ಇಡಸ್ರಿ.”